ಮಧ್ಯಾಹ್ನ ಆರಿಹೋಗುತ್ತಿದ್ದ ಥರ್ಮೋಸ್ಟಾಟ್

ಶೂ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು, ಸದ್ದಾಗದಂತೆ ತನ್ನದೇ ಮನೆಯ ಬೀಗಕ್ಕೆ ಕೀಲಿ ತೂರಿಸುವಾಗ ಅವನಿಗೆ ನಾಚಿಕೆಯಾಯಿತು. ಎದುರು ಮನೆಯವರು ನೋಡಿದರೆ ಕಳ್ಳನೆಂದೇ ತಿಳಿದಾರು. ಆದರೂ ಕೀಲಿ ತಿರುಗಿಸಿದ. ಅವನಿಗೆ ಕೆಲಸ ವಿಮಾ ಕಂಪನಿಯಲ್ಲಿ. ಸುಟ್ಟ ಅಂಗಡಿ, ಗುದ್ದಿದ ಕಾರುಗಳ ಪರಿಹಾರದ ಅರ್ಜಿಗಳಲ್ಲಿ ಸುಳ್ಳು ಯಾವುದೆಂದು ಹುಡುಕುವುದೇ ಕಸುಬು. ಅನುಮಾನಪಡುವುದಕ್ಕೆ ಸಂಬಳ ಪಡೆಯುವವನು ಮನೆಗೆ ಬಂದ ಕೂಡಲೇ ಅದನ್ನು ಅಂಗಿಯ ಜೊತೆ ಗೂಟಕ್ಕೆ ನೇತುಹಾಕುವುದು ಸುಲಭವಲ್ಲ.

ಎಲ್ಲ ಶುರುವಾದದ್ದು ನಡುಮನೆಯ ಗೋಡೆಗೆ ಹಾಕಿದ ಹೊಸ ಥರ್ಮೋಸ್ಟಾಟ್‌ನಿಂದ. ಇಡೀ ಮನೆಯ ಎ.ಸಿ.ಗೆ ಅಪ್ಪಣೆ ಕೊಡುವ ಅಂಗೈಯಗಲದ ಗಾಜಿನ ಬಿಲ್ಲೆ ಅದು. ಎದುರಿಗೆ ಯಾರಾದರೂ ಓಡಾಡಿದರೆ ಗುರುತು ಹಿಡಿದು, ಮನೆಯಲ್ಲಿ ಜನ ಇದ್ದಾರೋ ಇಲ್ಲವೋ ಎಂದು ಫೋನಿಗೆ ವರದಿ ಬೇರೆ ಒಪ್ಪಿಸುತ್ತಿತ್ತು. ಅವನೇ ಅದನ್ನು ಕೂರಿಸಿದ್ದ. ಮೊದಲ ದಿನ ಕರೆಂಟೇ ಹತ್ತಲಿಲ್ಲ. ಹಳೆಯದಕ್ಕೆ ನಾಲ್ಕು ತಂತಿ ಸಾಕಾಗಿತ್ತು, ಇದಕ್ಕೆ ಐದನೆಯದೊಂದು ಬೇಕಿತ್ತು. ಗೋಡೆಯೊಳಗೆ ಮಡಚಿ ಬಿಟ್ಟಿದ್ದ ನೀಲಿ ತಂತಿಯನ್ನು ಹೊರಗೆಳೆದು, ಅದರ ಇನ್ನೊಂದು ತುದಿಯನ್ನು ಅಟ್ಟದ ಎ.ಸಿ. ಯಂತ್ರಕ್ಕೆ ಜೋಡಿಸಿದ ಮೇಲೆ ಪರದೆ ಬೆಳಗಿತು. ಆ ಖುಷಿಯಲ್ಲಿ ಹೆಂಡತಿಗೆ, "ಇನ್ಮೇಲೆ ನೀನು ಮಧ್ಯಾಹ್ನ ನಿದ್ದೆ ಹೊಡೆದ್ರೆ ನಂಗೆ ಆಫೀಸಲ್ಲೇ ಗೊತ್ತಾಗತ್ತೆ" ಎಂದು ತಮಾಷೆ ಮಾಡಿದ. ಅವಳು ನಗಲಿಲ್ಲ.

ಆ ವಾರ ಬಿಸಿಲು ಏರಿತು. ಮಧ್ಯಾಹ್ನ ಊಟ ಮುಗಿಸಿ ಫೋನು ತೆಗೆದರೆ ಥರ್ಮೋಸ್ಟಾಟ್ ಸಂಪರ್ಕದಲ್ಲೇ ಇರುತ್ತಿರಲಿಲ್ಲ. ಸಂಜೆ ಅವನು ಮನೆ ಸೇರುವ ಹೊತ್ತಿಗೆ ಏನೂ ಅರಿಯದ ಹಾಗೆ ಬೆಳಗುತ್ತಿರುತ್ತಿತ್ತು. ಮರುದಿನವೂ ಅದೇ ಕಥೆ. ಸ್ವಿಚ್ಚು, ಫ್ಯೂಸು, ತಂತಿಯ ತಿರುಪು ಎಲ್ಲವನ್ನೂ ಟೆಸ್ಟರ್ ಹಿಡಿದು ನೋಡಿದ, ಎಲ್ಲಿಯೂ ತಪ್ಪಿರಲಿಲ್ಲ. ರಜೆಯ ದಿನ ತಾನೇ ಕಾವಲು ಕೂತ. ಅಂದು ಮೋಡ ಮುಸುಕಿತ್ತು, ಏನೂ ಆಗಲಿಲ್ಲ. ಅದೂ ಅವಳ ವಿರುದ್ಧವೇ ಸಾಕ್ಷಿಯಾಯಿತು.

ಮಧ್ಯಾಹ್ನ ಮನೆಯಲ್ಲಿರುತ್ತಿದ್ದವಳು ಅವಳೊಬ್ಬಳೇ. ಅದನ್ನು ಅವಳು ಯಾಕೆ ಆರಿಸಬೇಕು? ಯಾರಾದರೂ ಬರುತ್ತಾರೆಯೇ? ಆ ಪ್ರಶ್ನೆ ಎದ್ದ ದಿನದಿಂದ ಅವನಿಗೆ ಊಟ ಸೇರಲಿಲ್ಲ. ನೇರವಾಗಿ ಕೇಳಿಬಿಡಬಹುದಿತ್ತು. ಕೇಳಿದರೆ ಅವಳು ಹುಷಾರಾಗಿಬಿಡುತ್ತಾಳೆಂದು ಕೇಳಲಿಲ್ಲ.

ಅದಕ್ಕೇ ಇಂದು ಹೇಳದೆ ಕೇಳದೆ ಮಧ್ಯಾಹ್ನವೇ ಆಫೀಸಿನಿಂದ ಬಂದಿದ್ದ. ಬಾಗಿಲು ತೆರೆದಾಗ ಬಿಸಿ ಗಾಳಿ ಮುಖಕ್ಕೆ ರಾಚಿತು. ಥರ್ಮೋಸ್ಟಾಟ್ ಆರಿ ಕಪ್ಪಾಗಿತ್ತು. ಮೇಜಿನ ಮೇಲೆ ಎರಡು ಲೋಟ ಕಂಡವು. ಬಗ್ಗಿ ನೋಡಿದ. ಒಂದರಲ್ಲಿ ನೀರು, ಇನ್ನೊಂದರಲ್ಲಿ ಗುಂಡುಸೂಜಿ.

ಅವಳು ಹೋಟೆಲೊಂದಕ್ಕೆ ದಿಂಬಿನ ಚೀಲಗಳನ್ನು ಹೊಲಿದುಕೊಡುತ್ತಿದ್ದಳು. ಒಳಕೋಣೆಯಲ್ಲಿ ಕುತ್ತಿಗೆಗೆ ಒದ್ದೆ ಟವೆಲ್ ಸುತ್ತಿಕೊಂಡು, ಎರಡೂ ಕಿಟಕಿ ತೆರೆದಿಟ್ಟು, ಬೆವರು ಬಟ್ಟೆಯ ಮೇಲೆ ಬೀಳದಂತೆ ಮುಖ ವಾರೆ ಮಾಡಿಕೊಂಡು ಹೊಲಿಯುತ್ತಿದ್ದಳು. ನೆರಳು ಬಿದ್ದದ್ದಕ್ಕೆ ತಲೆಯೆತ್ತಿ ಅವನ ಮುಖ ನೋಡಿದಳು. ಆಮೇಲೆ ಕೈಯಲ್ಲಿದ್ದ ಶೂ ನೋಡಿದಳು.

"ಯಾರನ್ನ ಹಿಡಿಯೋಕೆ ಬಂದ್ರಿ?"

ಅವನು ಶೂಗಳನ್ನು ಬೆನ್ನ ಹಿಂದೆ ಸರಿಸಿದ. "ಅದನ್ನ ಯಾಕೆ ದಿನಾ ಆಫ್ ಮಾಡ್ತೀಯ?" ಎಂದ.

"ನಾನಾ?" ಅವಳು ಪೆಡಲಿನಿಂದ ಕಾಲು ತೆಗೆದಳು. "ಫೋನಿರೋದು ನಿಮ್ಮ ಹತ್ರ. ಅಲ್ಲಿ ಕೂತ್ಕೊಂಡು ಆಫ್ ಮಾಡ್ತಿರೋರು ನೀವು."

"ನಾನ್ಯಾಕೆ ಮಾಡ್ಲಿ?"

"ಒಬ್ಬಳಿಗೋಸ್ಕರ ಇಡೀ ಮನೆ ತಂಪು ಮಾಡ್ಬೇಕಾ ಅಂತ ನೀವೇ ಅಂದಿದ್ರಲ್ಲ. ನೀವು ಬರೋ ಹೊತ್ತಿಗೆ ಸರಿಯಾಗಿ ಶುರುವಾಗತ್ತೆ. ನಾನು ಇನ್ನೇನು ಅಂದ್ಕೊಳ್ಳಲಿ? ಬೇಯಲಿ ಅಂತ ನೀವು ಬಿಟ್ರಿ, ಬಾಯಿ ಬಿಟ್ಟು ಕೇಳ್ಬಾರದು ಅಂತ ನಾನೂ ಬೇಯ್ತಾ ಕೂತೆ."

ಆ ಮಾತು ಅಂದದ್ದು ಅವನಿಗೆ ನೆನಪಿತ್ತು. ಹೊಲಿಗೆ ಯಂತ್ರ ನಿಂತಿದ್ದರಿಂದ ಮೇಲೆಲ್ಲೋ ನೀರು ತೊಟ್ಟಿಕ್ಕುವುದು ಇಬ್ಬರಿಗೂ ಕೇಳಿಸಿತು.

"ಮಧ್ಯಾಹ್ನ ದಿನಾ ಹೀಗೇ," ಎಂದಳು. "ಟ್ಯಾಂಕ್ ಸೋರ್ತಿದೆಯೇನೋ ಅಂದ್ಕೊಂಡಿದ್ದೆ."

ಅವನು ಏಣಿ ಹಾಕಿ ಅಟ್ಟ ಹತ್ತಿದ. ಅವಳು ಕೆಳಗಿನಿಂದ ಟಾರ್ಚ್ ಹಿಡಿದಳು. ಎ.ಸಿ. ಯಂತ್ರದ ಕೆಳಗಿನ ತಟ್ಟೆಯಲ್ಲಿ ಅಂಚಿನವರೆಗೂ ನೀರು ನಿಂತಿತ್ತು. ನೀರು ಉಕ್ಕಿ ಚಾವಣಿ ಹಾಳಾಗದಿರಲೆಂದು ಅದರಲ್ಲಿ ತೇಲುವ ಸ್ವಿಚ್ಚೊಂದನ್ನು ಇಟ್ಟಿದ್ದರು. ಅದು ಮೇಲೆದ್ದು ಯಂತ್ರಕ್ಕೂ ಥರ್ಮೋಸ್ಟಾಟಿಗೂ ಕರೆಂಟನ್ನು ಕಡಿದಿತ್ತು. ಬಿಸಿಲೇರಿದ ಹಾಗೆಲ್ಲ ಎ.ಸಿ. ಹೆಚ್ಚು ಓಡಿ ಹೆಚ್ಚು ನೀರು ಬಸಿಯುತ್ತಿತ್ತು. ಹೊರಹೋಗುವ ಕೊಳವೆಯಲ್ಲಿ ಪಾಚಿ ಕಟ್ಟಿಕೊಂಡಿದ್ದರಿಂದ ಸಂಜೆಯವರೆಗೂ ಅದು ಹನಿಹನಿಯಾಗಿ ಇಳಿಯಬೇಕಿತ್ತು. ಅವನು ಕೊಳವೆಗೆ ತಂತಿ ತೂರಿಸಿ ತಿವಿದ. ಗುಳುಗುಳು ಎಂದು ನೀರಿಳಿಯಿತು, ಕೆಳಗೆ ಪರದೆ ಬೆಳಗಿತು.

"ನೀರು ಕಣೇ, ಬರೀ ನೀರು," ಎಂದು ನಗುತ್ತ ಇಳಿದ. ಅವಳೂ ನಗುತ್ತಾಳೆಂದುಕೊಂಡಿದ್ದ.

"ನಾನು ನಿಮ್ಮನ್ನ ಜಿಪುಣ ಅಂದ್ಕೊಂಡಿದ್ದೆ," ಎಂದಳು ಟಾರ್ಚ್ ಆರಿಸುತ್ತ. "ನೀವು ನನ್ನನ್ನ ಏನಂದ್ಕೊಂಡಿದ್ರಿ?"

ಅವನು ಏಣಿ ಮಡಚತೊಡಗಿದ. ಮಡಚುವುದಕ್ಕೆ ಬೇಕಾದದ್ದಕ್ಕಿಂತ ಹೆಚ್ಚು ಹೊತ್ತೇ ಹಿಡಿಯಿತು. ಅವಳು ಅಲ್ಲಿಯವರೆಗೂ ಉತ್ತರಕ್ಕೆ ಕಾದು, ಒಳಗೆ ಹೋದಳು.

ಮರುದಿನ ಮಧ್ಯಾಹ್ನ ನೋಡಬಾರದು ಎಂದುಕೊಳ್ಳುತ್ತಲೇ ಫೋನು ನೋಡಿದ. ಕರೆಂಟು ಸರಿಯಾಗಿತ್ತು, ಮನೆ ತಂಪಾಗಿತ್ತು. ಮನೆಯಲ್ಲಿ ಯಾರೂ ಇಲ್ಲ ಎಂದಿತ್ತು. ಕರೆ ಮಾಡಲು ಹೋದ ಬೆರಳು ಅಲ್ಲೇ ನಿಂತಿತು. ಏನೆಂದು ಕೇಳುವುದು? ಸಂಜೆಯವರೆಗೆ ಒಂದು ಅರ್ಜಿಯನ್ನೂ ನೆಟ್ಟಗೆ ಓದಲಾಗಲಿಲ್ಲ.

ಮನೆಗೆ ಬಂದರೆ ಅವಳು ಒಳಗೆ ಹೊಲಿಯುತ್ತಲೇ ಇದ್ದಳು. ನಡುಮನೆಯ ಗೋಡೆಯಲ್ಲಿ ಥರ್ಮೋಸ್ಟಾಟ್ ಕಾಣಲಿಲ್ಲ. ಅದರ ಅಳತೆಗೆ ಸರಿಯಾಗಿ ಹೊಲಿದ ದಪ್ಪ ಬಟ್ಟೆಯ ಗವಸೊಂದು ಅದನ್ನು ಮುಚ್ಚಿತ್ತು. ಅಂಚಿಗೆ ಎಲಾಸ್ಟಿಕ್ ಕೊಟ್ಟು, ಸುತ್ತ ಎರಡು ಸಾಲು ಹೊಲಿಗೆ ಹಾಕಿದ್ದಳು.

"ಇದೇನಿದು?" ಎಂದ.

"ಧೂಳು ಕೂರತ್ತೆ," ಎಂದಳು ಒಳಗಿನಿಂದಲೇ.

ಅವನು ಗವಸಿನ ಅಂಚನ್ನು ಬೆರಳಲ್ಲಿ ಹಿಡಿದ. ಒಳಕೋಣೆಯಲ್ಲಿ ಹೊಲಿಗೆ ಯಂತ್ರದ ಸದ್ದು ನಿಂತಿತು. ಅವನು ಬೆರಳು ಸಡಿಲಿಸಿ ಕೈ ಹಿಂದಕ್ಕೆ ತೆಗೆದುಕೊಂಡ. ಸ್ವಲ್ಪ ಹೊತ್ತಿನ ಮೇಲೆ ಹೊಲಿಗೆ ಯಂತ್ರ ಮತ್ತೆ ಶುರುವಾಯಿತು.