ಸಾಲಿನ ಕೊನೆಯಲ್ಲಿ ಎಡಗೈ

ಪಿಯಾನೋದ ಮಧ್ಯದ ಒಂದು ಬಿಳಿ ಕೀಯ ಮೇಲಿನ ಹೊದಿಕೆ ಎದ್ದುಹೋಗಿ ಒಳಗಿನ ಮರ ಕಾಣುತ್ತಿದೆ, ಹಾಲುಹಲ್ಲು ಬಿದ್ದ ಜಾಗದ ಹಾಗೆ, ಎರಡು ವರ್ಷದಿಂದ ಶನಿವಾರ ತಪ್ಪದೆ ಅದರ ಮೇಲೆ ಬೆರಳಿಟ್ಟ ತ್ರಿಪುರಸುಂದರಿಗೆ ಅದು ಕಂಡದ್ದು ಇವತ್ತು, ಈ ಸೋಮವಾರ, ಒಂಬತ್ತಕ್ಕೆ ಇನ್ನೂ ಐದು ನಿಮಿಷ ಇರುವಾಗ — ಅಂದರೆ ಕಣ್ಣು ಕೆಳಗೆ ಹೋಗಿದೆ, ಹೋಗಬಾರದು, ಎಂತ ನೋಡ್ತೆ ಕೂಸೆ ಕೆಳಗೆ, ಅಕ್ಷರ ಎಲ್ಲಿಗೂ ಓಡಿ ಹೋಗ್ತಿಲ್ಲೆ, ಎನ್ನುತ್ತ ಅಪ್ಪ ಅವಳ ಎರಡೂ ಕೈಗಳ ಮೇಲೆ ತಮ್ಮ ಹೆಗಲ ಬೈರಾಸು ಹೊದಿಸಿಬಿಡುತ್ತಿದ್ದರು, ಬಾಳಗಡಿಯ ಟೈಪಿಂಗ್ ಇನ್‌ಸ್ಟಿಟ್ಯೂಟಿನ ದತ್ತಮೂರ್ತಿ ಮೇಷ್ಟ್ರು ಅಂದರೆ ಕೊಪ್ಪದ ಕಚೇರಿಗಳ ಗುಮಾಸ್ತರೆಲ್ಲ ಎದ್ದು ನಿಲ್ಲುತ್ತಿದ್ದ ಕಾಲ, ಮಗಳಿಗೂ ರಿಯಾಯಿತಿ ಇಲ್ಲ, ಬೈರಾಸಿನ ಕೆಳಗೆ ಕೈ ಬೆವರುತ್ತಿತ್ತು, ಈಗಲೂ ಬೆವರುತ್ತಿದೆ, ಸೆರಗಿಗೆ ಒರೆಸಿಕೊಂಡಳು. ಅಪ್ಪ ಹೋಗಿ ಹನ್ನೊಂದು ವರ್ಷ, ಇನ್‌ಸ್ಟಿಟ್ಯೂಟ್ ನಡೆಸುವವಳು ಅಂದಿನಿಂದ ಇವಳೇ. ಎದುರಿಗೆ ನರಸಿಂಹರಾಜಪುರದ ಈ ಶಾಲೆಯ ಅಷ್ಟೂ ಮಕ್ಕಳು ಸಾಲಾಗಿ ನಿಂತಿದ್ದಾರೆ, ಯಾರೋ ಕೆಮ್ಮಿದರು, ಕೆಮ್ಮು ಸಾಲಿನುದ್ದಕ್ಕೂ ಹರಡಿತು, ಪಿಯಾನೋ ಪಕ್ಕದ ಸ್ಟೂಲಿನ ಮೇಲೆ ಹೊಸ ಟೇಪ್‌ರೆಕಾರ್ಡರ್, ಪ್ಲಾಸ್ಟಿಕ್ ಕವರನ್ನು ಇನ್ನೂ ತೆಗೆದಿಲ್ಲ, ಹೊಸದಾಗಿ ಬಂದ ಹೆಡ್‌ಮಿಸ್ಟ್ರೆಸ್ ಸಿಸ್ಟರ್ ಕಳೆದ ತಿಂಗಳು ನೇರವಾಗಿಯೇ ಹೇಳಿದ್ದರು, ನೋಡಿ ಮೇಡಂ, ನುಡಿಸೋರಿಲ್ಲದ ಪಿಯಾನೋ ಇಷ್ಟು ಜಾಗ ಹಿಡ್ಕೊಂಡು ಯಾಕೆ ಇರ್ಬೇಕು, ಒಂದು ಸೋಮವಾರ ಪ್ರಾರ್ಥನೆಯನ್ನ ಮೊದಲಿಂದ ಕೊನೆತನಕ ನಿಲ್ಲಿಸದೆ ನುಡಿಸಿ, ಇಲ್ಲೇ ಇರುತ್ತೆ, ನಡುವೆ ನಿಂತ್ರೋ, ಮಂಗಳೂರಿಗೆ ಕಳಿಸಿಬಿಡ್ತೇನೆ, ಕೇಳಿದವರು ಇದ್ದಾರೆ. ಅದೇನು ಬೈಗುಳವಲ್ಲ, ನ್ಯಾಯವೇ. ಕೊಪ್ಪ, ಶೃಂಗೇರಿ, ಇಲ್ಲಿ, ಮೂರು ತಾಲ್ಲೂಕು ಸೇರಿಸಿದರೂ ಅವಳಿಗೆ ಗೊತ್ತಿರುವ ಇನ್ನೊಂದು ಪಿಯಾನೋ ಇಲ್ಲ, ಇದು ಹೋದರೆ ಕಲಿಯುವುದೂ ಹೋಯಿತು, ನಲವತ್ತೇಳನೇ ವಯಸ್ಸಿನಲ್ಲಿ, ಅಷ್ಟೇ ವಿಷಯ, ಅದಕ್ಕಿಂತ ದೊಡ್ಡದು ಮಾಡಬಾರದು.

ಶುರು ಮಾಡಿ ಎಂದು ಸಿಸ್ಟರ್ ತಲೆಯಾಡಿಸಿದರು, ಪ್ರಾರ್ಥನೆಯ ಮೊದಲ ಸಾಲು, ಬಲಗೈ ಹೊರಟಿತು, ಎಡಗೈ ಕೆಳಗಿನ ಸ್ವರಗಳನ್ನು ಒಂದೊಂದೇ ಹಿಡಿಯಿತು, ಮಕ್ಕಳು ದನಿ ಸೇರಿಸಿದರು, ಪಕ್ಕದ ಕುರ್ಚಿಯಲ್ಲಿ ಏಲಿಯಮ್ಮ ಟೀಚರ್ ಕೋಲನ್ನು ಮಡಿಲಲ್ಲಿ ಅಡ್ಡ ಇಟ್ಟುಕೊಂಡು ಕಣ್ಣು ಮುಚ್ಚಿದ್ದಾರೆ, ಮೂವತ್ತು ವರ್ಷ ಇಲ್ಲಿ ನುಡಿಸಿದ ಅವರ ಬೆರಳುಗಳು ಈಗ ಶುಂಠಿ ಗಂಟು, ನುಡಿಸಲಾರರು, ಹೇಳಿಕೊಡಬಲ್ಲರು — ಎರಡು ವರ್ಷದ ಹಿಂದೆ ತ್ರಿಪುರಸುಂದರಿ ಬಂದದ್ದು ಪಿಯಾನೋಕ್ಕಲ್ಲ, ಹತ್ತನೇ ಕ್ಲಾಸು ಮುಗಿಸಿದವರನ್ನು ಟೈಪಿಂಗಿಗೆ ಕಳಿಸುತ್ತೀರಾ ಎಂದು ಕೇಳುವುದಕ್ಕೆ, ಯಾರೂ ಬರುತ್ತಿರಲಿಲ್ಲ, ಎಲ್ಲರಿಗೂ ಕಂಪ್ಯೂಟರ್ ಬೇಕು, ಕಾಯಿರಿ ಎಂದು ಈ ಹಾಲಿನಲ್ಲಿ ಕೂರಿಸಿದರು, ಮುಚ್ಚಳ ತೆರೆದಿತ್ತು, ಯಾರೂ ಇರಲಿಲ್ಲ, ಎ ಎಸ್ ಡಿ ಎಫ್ ಎಂದು ನಾಲ್ಕು ಬೆರಳಿಟ್ಟು ಒತ್ತಿದಳು. ಟೈಪ್‌ರೈಟರಿನಲ್ಲಿ ಒತ್ತಿದ್ದು ಕಾಗದದ ಮೇಲೆ ಉಳಿಯುತ್ತದೆ, ಇದು ಉಳಿಯಲಿಲ್ಲ, ಯಾಕೋ ಅದರಿಂದ ಹಿತವೆನಿಸಿತು. ಅಲ್ಲ, ಎಲ್ಲದಕ್ಕೂ ಒಂದೇ ಪೆಟ್ಟು ಕೊಡ್ತೀರಲ್ಲ ನೀವು, ಅದು ಮೊಳೆಯಾ, ಅಂತ ಬಾಗಿಲಲ್ಲಿ ನಿಂತು ಕೇಳಿದವರು ಏಲಿಯಮ್ಮ ಟೀಚರ್, ಕಲಿಸ್ತೀರಾ ಅಂತ ಕೇಳಿದವಳು ತಾನೇ, ಬಾಯಿಂದ ಅದು ಹೇಗೆ ಬಂತೋ, ಈ ವಯಸ್ಸಲ್ಲಿ ಬೆರಳು ಬಗ್ಗೋದಿಲ್ಲ ಅಂತಾರಲ್ಲ ಟೀಚರ್, ಅಂತ ತಾನೇ ಹಿಂಜರಿದದ್ದೂ, ಬೆರಳಿಗೆ ಎಂತದೂ ಆಗ್ಲಿಲ್ಲ ಮಾರಾಯ್ತಿ, ಬಗ್ಗಬೇಕಾದ್ದು ನಾಚಿಕೆ, ಮಕ್ಕಳಿಗೆ ತಪ್ಪಿದ್ರೆ ನಾಚಿಕೆ ಇಲ್ಲ, ನಿಮಗೆ ಉಂಟು, ಎಂದರು ಅವರು. ಮೊದಲ ಮೂರು ತಿಂಗಳು ಹೆಬ್ಬೆರಳಿನದೇ ಗೋಳು, ಟೈಪಿಂಗಿನಲ್ಲಿ ಅದಕ್ಕೆ ಪದಗಳ ನಡುವೆ ಜಾಗ ಬಿಡುವುದೊಂದೇ ಕೆಲಸ, ಹನ್ನೆರಡನೇ ವಯಸ್ಸಿನಿಂದ ಕೂತು ಉಂಡ ಬೆರಳು, ಇಲ್ಲಿ ಅದೇ ಒಂದನೇ ನಂಬರು, ಉಳಿದವರ ಕಾಲ ಕೆಳಗೆ ನುಸುಳಿ ಮುಂದೆ ಬರಬೇಕು. ಅದು ಹೇಗೋ ಬಂತು. ಬಾರದೆ ಹೋದದ್ದು — ಬಾರದೆ ಅಲ್ಲ, ಬಂದು ಬಂದು ಕಾಡಿದ್ದು — ಮೊದಲ ಬಾರಿ ಒಂದು ಸಾಲನ್ನು ಪೂರ್ತಿ ನುಡಿಸಿದ ದಿನ ಸಾಲು ಮುಗಿದದ್ದೇ ಎಡಗೈ ತಾನಾಗಿ ಮುಖದ ಎತ್ತರಕ್ಕೆ ಎದ್ದು ಗಾಳಿಯನ್ನು ಬಲಕ್ಕೆ ತಳ್ಳಿತು, ಎಂತದು ಅದು, ನೊಣ ಓಡಿಸಿದ್ದಾ, ಟೀಚರ್ ಕೆಮ್ಮು ಬರುವಷ್ಟು ನಕ್ಕರು, ಸಾಲು ಮುಗಿಯೋಕೆ ಬಂದ್ರೆ ಮಿಷನ್ನಲ್ಲಿ ಗಂಟೆ ಹೊಡೀತದೆ ಟೀಚರ್, ಎಡಗೈಯಲ್ಲಿ ಲಿವರ್ ತಳ್ಳಿದ್ರೆ ಹೊಸ ಸಾಲು, ಎಂದು ಇವಳು ವಿವರಿಸಿದಳು. ಮೊದಲ ಸಾಲಿನ ಕೊನೆ ಬರುತ್ತಿದೆ, ಬಂತು, ದಾಟಿತು. ಕೈ ಏಳಲಿಲ್ಲ.

ಅದನ್ನು ಬಿಡಿಸಿದ್ದು ಟೀಚರೇ. ತಪ್ಪು ಸಾಲಲ್ಲಿ ಇಲ್ಲ, ಎರಡು ಸಾಲಿನ ಮಧ್ಯ ಉಂಟು, ಈ ಸಾಲಿನ ಕೊನೇ ಎರಡು ಸ್ವರ, ಮುಂದಿನದ್ರ ಮೊದಲಿನ ಎರಡು, ಅಷ್ಟನ್ನೇ ಹೊಲಿ, ಬೇರೆ ಎಂತದನ್ನೂ ಮುಟ್ಟಬೇಡ. ನಾಲ್ಕು ಸಾಲಿಗೆ ಮೂರು ಹೊಲಿಗೆ. ಬಲಗೈ ಒಂದೇ, ಎಡಗೈ ಒಂದೇ, ಆಮೇಲೆ ಎರಡೂ, ನಿಧಾನ, ಇನ್ನೂ ನಿಧಾನ, ತಪ್ಪಲಿಕ್ಕೇ ಆಗದಷ್ಟು ನಿಧಾನ, ತಪ್ಪಿದಲ್ಲಿ ನಿಲ್ಲು, ಅದೊಂದನ್ನೇ ಏಳು ಸಲ — ನಿಲ್ಲುವುದೇ ಕಷ್ಟ, ಅಪ್ಪ ಹೇಳಿದ್ದು ಅದರ ತದ್ವಿರುದ್ಧ, ತಪ್ಪಿದ್ದು ತಪ್ಪಿತು, ಮುಂದೆ ಹೋಗು, ಪರೀಕ್ಷೆಲಿ ಕೈ ನಿಂತರೆ ಮುಗೀತು. ಇಪ್ಪತ್ತು ನಿಮಿಷ ಬೆಳಿಗ್ಗೆ, ಇಪ್ಪತ್ತು ಸಂಜೆ, ಅದಕ್ಕಿಂತ ಹೆಚ್ಚು ಬೇಡ, ದಣಿದ ಮೇಲೆ ಕೈ ಕಲಿಯೋದು ತಪ್ಪನ್ನೇ, ಎಂದಿದ್ದರು ಟೀಚರ್, ಸರಿ, ಆದರೆ ಬಾಳಗಡಿಯಲ್ಲಿ ಪಿಯಾನೋ ಎಲ್ಲಿ, ಡ್ರಾಯಿಂಗ್ ಶೀಟುಗಳನ್ನು ಅಂಟಿಸಿ ಅಳತೆಗೆ ಸರಿಯಾಗಿ ಕೀಗಳನ್ನು ಬರೆದು ಕಪ್ಪು ಮಸಿ ತುಂಬಿ ಮೇಜಿನ ಮೇಲೆ ಹಾಸಿಕೊಂಡಳು, ಪಕ್ಕದ ಫ್ಯಾನ್ಸಿ ಸ್ಟೋರಿನ ವಸಂತಮ್ಮ ಇಣುಕಿ, ಎಂತ ಸುಂದ್ರಕ್ಕ, ಮೇಜು ಒರೆಸ್ತಿದೀರಾ ಎಂದಳು, ಪಿಯಾನೋ ಎಂದಳು ಇವಳು, ಅಯ್ಯ ಶಿವನೇ, ಕಾಗದದಲ್ಲಾ, ಹಂಗಾದ್ರೆ ನಾನೂ ಒಂದು ಕಾರು ಬಿಡಿಸ್ಕಂಡು ಅದ್ರ ಮೇಲೆ ಕೂತು ಶೃಂಗೇರಿಗೆ ಹೋಗ್ಬತ್ತೀನಿ, ನಗದೆ ಇರುವುದು ಹೇಗೆ, ಇಬ್ಬರೂ ನಕ್ಕರು. ನಾಲ್ಕು ತಿಂಗಳಲ್ಲಿ ಕಾಗದದಿಂದಲೂ ಸ್ವರ ಕೇಳತೊಡಗಿತು, ಅದನ್ನು ವಸಂತಮ್ಮನಿಗೆ ಹೇಳಲಿಲ್ಲ. ಕಾಗದದ ಹಿಂದೆ ಅದೇ ಮೇಜಿನ ಮೇಲೆ ಅಪ್ಪನ ಮಿಷನ್ ಇತ್ತು, ಎಡಗೈ ಎದ್ದರೆ ಲಿವರ್ ಸಿಕ್ಕಿಬಿಡುತ್ತಿತ್ತು, ಹಾಳೆ ಹೊರುವ ಕ್ಯಾರೇಜ್ ಗರ್ರನೆ ಸರಿಯುತ್ತಿತ್ತು, ಕೈಗೆ ಅದೇ ಸಮಾಧಾನ, ಹಾಗಾದ್ರೆ ಬಿಡೋದು ಯಾವಾಗ, ಎಂದು ಟೀಚರ್ ಗದರಿದ ಮೇಲೆ ಮಿಷನ್ನನ್ನು ಪಕ್ಕದ ಮೇಜಿಗೆ ಎತ್ತಿಟ್ಟಳು. ಎರಡನೆಯ ಹೊಲಿಗೆ ದಾಟಿತು, ಯಾವಾಗ ದಾಟಿತು, ಗೊತ್ತೇ ಆಗಲಿಲ್ಲ.

ಮೂರನೇ ಸಾಲು. ನಿನ್ನೆ ಭಾನುವಾರ ಬೈರಪ್ಪ ಪಿಕಪ್ ತಂದಿದ್ದ, ಮೂವತ್ತು ವರ್ಷ ಇನ್‌ಸ್ಟಿಟ್ಯೂಟಿನ ಮಿಷನ್ನುಗಳಿಗೆ ಎಣ್ಣೆ ಬಿಟ್ಟು ರಿಪೇರಿ ಮಾಡಿದವನು ಅವನೇ, ಗುಜರಿಗೆ ಒಯ್ಯಬೇಕಾದವನೂ ಅವನೇ, ಕೊನೆಯ ವಿದ್ಯಾರ್ಥಿನಿ ಅಪೇಕ್ಷಾ ಮಾರ್ಚಿನಲ್ಲೇ, ಮಿಸ್, ನಾನು ನಾಳೆಯಿಂದ ಕಂಪ್ಯೂಟರ್ ಕ್ಲಾಸಿಗೆ ಹೋಗ್ತೀನಿ, ಎಂದು ತಲೆ ತಗ್ಗಿಸಿದ್ದಳು, ಒಳ್ಳೇದು, ಅಲ್ಲೂ ಕೆಳಗೆ ನೋಡಬೇಡ, ಎಂದು ಕಳಿಸಿಕೊಟ್ಟಳು, ಆಮೇಲೆ ಕೋಣೆಯಲ್ಲಿ ಹನ್ನೊಂದು ಮಿಷನ್ನು, ಒಂದು ಕಾಗದದ ಪಿಯಾನೋ. ಅಕ್ಕಾ, ಇದೊಂದಾದ್ರೂ ಇಟ್ಕಳಿ ಮಾರಾಯ್ರೆ, ಮೇಷ್ಟ್ರು ಕೈಯಾಡಿಸಿದ್ದು, ಬೈರಪ್ಪ ಅಪ್ಪನ ಮಿಷನ್ನನ್ನು ಕೂಸನ್ನು ಎತ್ತಿಕೊಂಡ ಹಾಗೆ ಎತ್ತಿಕೊಂಡು ಬಾಗಿಲಲ್ಲಿ ನಿಂತಿದ್ದ, ಬೇಡ ಬೈರಪ್ಪ, ಬಳಸೋರಿಲ್ಲದ್ದು ಯಾಕೆ ಜಾಗ ಹಿಡ್ಕೊಂಡು ಇರ್ಬೇಕು, ಎಂದಳು, ಸಿಸ್ಟರ್ ಮಾತೇ ತನ್ನ ಬಾಯಲ್ಲಿ ಬಂತಲ್ಲ ಅಂತ ಆಗಲೇ ಅನಿಸಿತು, ಆದರೂ ಅಂದಾಗಿತ್ತು. ಅಳು ಬರಬಹುದು ಎಂದುಕೊಂಡಿದ್ದಳು, ಬರಲಿಲ್ಲ, ಕೋಣೆ ಗುಡಿಸಿದಳು, ಮೇಜುಗಳ ಮೇಲೆ ಧೂಳಿಲ್ಲದ ಹನ್ನೊಂದು ಚೌಕಗಳು. ಬಸ್‌ಸ್ಟ್ಯಾಂಡಿನ ಹತ್ತಿರ ಹಂಪ್ ಮೇಲೆ ಪಿಕಪ್ ಎಗರಿದಾಗ ಯಾವುದೋ ಒಂದು ಮಿಷನ್ನಿನ ಗಂಟೆ ಟಿಂಗ್ ಎಂದಿತ್ತು — ತಪ್ಪಿತು, ಈಗ ತಪ್ಪಿತು, ಉಂಗುರದ ಬೆರಳು ಪಕ್ಕದ ಕೀಗೆ ಬಿತ್ತು, ಮುಂದೆ ನಿಂತಿದ್ದ ಹುಡುಗಿಯೊಬ್ಬಳು ತಲೆ ಎತ್ತಿದಳು, ಸಿಸ್ಟರ್ ಟೇಪ್‌ರೆಕಾರ್ಡರ್ ಕಡೆ ನೋಡಿದರೇನೋ, ನಿಲ್ಲು, ಏಳು ಸಲ — ಅಲ್ಲ, ಇವತ್ತಲ್ಲ, ತಪ್ಪಿದ್ದು ತಪ್ಪಿತು, ಮುಂದೆ ಹೋಗು, ಅಪ್ಪ, ಹೋಗುತ್ತಿದ್ದೇನೆ, ಕೈ ಹೋಗುತ್ತಿದೆ, ಟೀಚರ ಕೋಲು ಮಡಿಲಲ್ಲಿ ಒಮ್ಮೆ ಹೊರಳಿ ಸುಮ್ಮನಾಯಿತು, ಮೂರನೆಯ ಹೊಲಿಗೆ, ಹಿಡಿಯಿತು, ಬಿಚ್ಚಲಿಲ್ಲ.

ನಾಲ್ಕನೇ ಸಾಲು ಸುಲಭ, ಮಕ್ಕಳಿಗೂ ಗೊತ್ತು, ದನಿ ದೊಡ್ಡದಾಯಿತು, ನಿಂತಿಲ್ಲ, ಎಲ್ಲೂ ನಿಂತಿಲ್ಲ, ಪಿಯಾನೋ ಇಲ್ಲೇ ಇರುತ್ತದೆ, ಮುಂದಿನ ಶನಿವಾರವೂ ನರಸಿಂಹರಾಜಪುರದ ಬಸ್ಸು ಇರುತ್ತದೆ, ಇನ್ನು ನಾಲ್ಕು ಸ್ವರ, ಮೂರು, ಕೊನೆಯದನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿಯಬೇಕು, ಮಕ್ಕಳ ದನಿ ಮುಗಿಯುವ ತನಕ — ಆಗ ಹೊಳೆಯಿತು, ಮೂರೇ ಹೊಲಿಗೆ ಹಾಕಿದ್ದು, ಈ ಸಾಲಿನ ಮುಂದೆ ಸಾಲಿಲ್ಲ, ಇದರ ಕೊನೆಯನ್ನು ಯಾವುದಕ್ಕೂ ಹೊಲಿದಿಲ್ಲ, ಹೊಳೆಯುವಷ್ಟರಲ್ಲಿ ಎಡಗೈ ಎದ್ದಿತ್ತು. ಬಲಗೈಯ ಸ್ವರವೊಂದೇ ಉಳಿಯಿತು. ಮೇಲೆದ್ದ ಕೈ ನೋಡಿ ಕೂರುವ ಸನ್ನೆಯೆಂದುಕೊಂಡು ಇಡೀ ಶಾಲೆ ಒಟ್ಟಿಗೆ ನೆಲಕ್ಕೆ ಕೂತಿತು, ಧಸಕ್ಕನೆ, ಒಬ್ಬರೂ ಹಿಂದೆ ಬೀಳದೆ, ತುಂಬ ಚೆನ್ನಾಯ್ತು ಮೇಡಂ, ಕೂರಿಸಿದ್ದೂ ಚೆನ್ನಾಯ್ತು, ಸಿಸ್ಟರ್ ನಗುತ್ತಿದ್ದಾರೆ, ಈ ಟೇಪ್‌ರೆಕಾರ್ಡರ್ ಒಳಗಿಡಿ, ಎಂದು ಯಾರಿಗೋ ಹೇಳುತ್ತಿದ್ದಾರೆ, ಏಲಿಯಮ್ಮ ಟೀಚರ್ ಕಣ್ಣು ತೆರೆದರು, ಅವರು ನಗಲಿಲ್ಲ, ಮುಗೀತು ಮಾರಾಯ್ತಿ, ಇಳಿಸು, ಮೆಲ್ಲಗೆ ಎಂದರು. ಇಳಿಸಬೇಕು. ಅಂಗೈ ಬಲಕ್ಕೆ ತಿರುಗಿದೆ, ಬೆರಳು ಜೋಡಿಸಿಕೊಂಡಿವೆ, ಅಪ್ಪ ಹಿಡಿದು ತೋರಿಸಿದ ಹಾಗೆಯೇ, ಅಲ್ಲಿ ತಣ್ಣಗಿನ ಒಂದು ಲಿವರ್ ಇರಬೇಕಿತ್ತು, ತಳ್ಳಿದರೆ ಭಾರ ತಾಗಬೇಕಿತ್ತು, ಇಲ್ಲಿ ಇಲ್ಲ, ಬಾಳಗಡಿಯಲ್ಲಿ ಪಕ್ಕದ ಮೇಜಿನ ಮೇಲೂ ಇಲ್ಲ, ಎಲ್ಲೂ ಇಲ್ಲ, ಬೈರಪ್ಪ ಎತ್ತಿಕೊಂಡು ನಿಂತಿದ್ದ, ಇಟ್ಕಳಿ ಅಂದಿದ್ದ, ಅಯ್ಯೋ ಅಪ್ಪ, ಕೊಟ್ಟುಬಿಟ್ಟೆ, ಬೇಡ ಅಂದೆ, ಸುಂದರೀ, ಇಳಿಸು, ಟೀಚರ್ ಮತ್ತೆ ಅಂದರು, ಇಳಿಸುತ್ತೇನೆ, ಗಂಟೆಯೊಂದು ಹೊಡೆಯಲಿ. ಎಡಗೈ ಮೇಲೇ ಇದೆ.