ನಾಲ್ಕು ಗಂಟೆಯ ಎಂಜಿನ್ನು

"ಬೆಲ್ಟ್ ಗಟ್ಟಿಯಾಗಿ ಹಿಡ್ಕೊಳೇ ಅಕ್ಕ, ಜಾರ್ತಾ ಇದೆ!"

ಕೊಟ್ಟಿಗೆಯ ಹಿಂದಿನ ಇಳಿಮಾಡಿನಡಿ ತಮ್ಮ ಮಂಡಿಯೂರಿ ಕೂತಿದ್ದ. ಹಾಲು ಕರೆಯುವ ಯಂತ್ರವನ್ನು ಓಡಿಸುವ ಡೀಸೆಲ್ ಎಂಜಿನ್ನಿಗೆ ಈಗ ನೀರಿನ ಪಂಪನ್ನು ಸಿಕ್ಕಿಸುತ್ತಿದ್ದ. ಗುಡ್ಡದಾಚೆಯ ಕಾಡಿಗೆ ಬೆಂಕಿ ಬಿದ್ದು ಮೂರು ದಿನವಾಗಿತ್ತು. ಬೆಳಿಗ್ಗೆ ಗಾಳಿ ಇತ್ತ ತಿರುಗಿತ್ತು, ಕರೆಂಟು ಹೋಗಿತ್ತು. ಮಕ್ಕಳನ್ನೂ ಅಮ್ಮನನ್ನೂ ವ್ಯಾನಿಗೆ ಹತ್ತಿಸಿಕೊಂಡು ಪೇಟೆಗೆ ಹೊರಟ ಭಾವ, ಅಕ್ಕನನ್ನು "ನೀನೂ ಬಾ" ಎಂದು ಕರೆಯುವ ಗೋಜಿಗೇ ಹೋಗಿರಲಿಲ್ಲ. ಇಪ್ಪತ್ತೆರಡು ಹಸುಗಳನ್ನು ಬಿಟ್ಟು ಅವಳು ಬರುವವಳಲ್ಲ. ಒಂದೊಂದನ್ನೂ ಕರುವಾಗಿದ್ದಾಗಿನಿಂದ ಸಾಕಿದವಳು ಅವಳು.

ಎರಡು ದಿನದಿಂದ ಅಕ್ಕ-ತಮ್ಮ ಇಬ್ಬರೂ ಬೆನ್ನು ನೆಟ್ಟಗೆ ಮಾಡಿರಲಿಲ್ಲ. ಸೂರಿನ ದೋಣಿಯಲ್ಲಿ ತುಂಬಿದ್ದ ತರಗೆಲೆಯನ್ನು ಬಾಚಿ ತೆಗೆದಿದ್ದರು. ಕೊಟ್ಟಿಗೆಯ ಸುತ್ತ ಹತ್ತು ಮಾರು ಹುಲ್ಲನ್ನು ಮಣ್ಣು ಕಾಣುವ ತನಕ ಕೆರೆದಿದ್ದರು. ಡೀಸೆಲ್ ಡ್ರಮ್ಮುಗಳನ್ನು ದೂರದ ಬಯಲಿಗೆ ಉರುಳಿಸಿ, ತಗಡಿನ ಸಂದುಗಳಿಗೆಲ್ಲ ಒದ್ದೆ ಗೋಣಿ ತುರುಕಿದ್ದರು. ಅಟ್ಟದ ಮೇಲಿನ ಒಣಹುಲ್ಲನ್ನು ಮಾತ್ರ ಪೂರ್ತಿ ಇಳಿಸಲು ಆಗಿರಲಿಲ್ಲ.

ನಿನ್ನೆ ಕೆಳಗಿನ ಹೊಲಕ್ಕೆ ತಾವೇ ಬೆಂಕಿ ಇಟ್ಟು, ಕಾವಲು ನಿಂತು ಸುಟ್ಟಿದ್ದರು. ಸುಟ್ಟ ನೆಲಕ್ಕೆ ಮತ್ತೆ ಬೆಂಕಿ ಹತ್ತುವುದಿಲ್ಲ, ಹಸುಗಳು ಅಲ್ಲಿ ನಿಂತರೆ ಕೊಟ್ಟಿಗೆ ಹೋದರೂ ಜೀವ ಉಳಿಯುತ್ತದೆ ಎನ್ನುವುದು ಅಕ್ಕನ ಯೋಚನೆ. ಚಾವಣಿಯ ಮೇಲೆ ತೂತು ಕೊರೆದ ಪೈಪು ಎಳೆದು ನೀರು ಸುರಿಸುವುದು ತಮ್ಮನ ಯೋಚನೆ. ಎರಡೂ ಒಳ್ಳೆಯವೇ. ಎರಡನ್ನೂ ಒಟ್ಟಿಗಿಟ್ಟು ನೋಡುವಷ್ಟು ಪುರುಸೊತ್ತು ಇಬ್ಬರಿಗೂ ಸಿಗಲಿಲ್ಲ.

"ಒಂದ್ಸಲ ಓಡಿಸಿ ನೋಡ್ಬಾರ್ದೇನೋ?" ಎಂದಳು ಅಕ್ಕ.

"ಓಡ್ಸಿ ಏನ್ ನೋಡ್ತೀಯ? ತೊಟ್ಟೀಲಿರೋ ನೀರು ಮುಕ್ಕಾಲು ಗಂಟೆಗೆ ಸಾಕು ಅಷ್ಟೆ. ಈಗ್ಲೇ ಸುರಿದ್ಬಿಟ್ರೆ ಆಮೇಲೆ ನೀನೇ ಕೊಡ ಹೊತ್ಕೊಂಡು ಮೇಲೆ ಹತ್ತು."

"ಬಾಯೊಂದು ಜೋರು ನಿಂಗೆ."

"ಇಲ್ದಿದ್ರೆ ನಿನ್ ಜೊತೆ ಬಾಳೋಕಾಗತ್ತಾ?"

ಅವಳು ನಕ್ಕಳು. ಆ ದಿನ ನಕ್ಕಿದ್ದು ಅದೊಂದೇ ಸಲ. ಆಮೇಲೆ ಹಸುಗಳನ್ನು ಹೊಡೆದುಕೊಂಡು ಕೆಳಗಿನ ಹೊಲಕ್ಕೆ ಹೋದಳು. ಯಾವಾಗಲೂ ಮುಂದೆ ನಡೆಯುವ, ಮುಂಗೋಪಿ ಎಂದೇ ಹೆಸರಾದ ಹಸು ಕಪ್ಪು ನೆಲವನ್ನು ಮೂಸಿ, ಕಾಲಿಡುವುದಿಲ್ಲ ಎಂದು ಹಟ ಹಿಡಿಯಿತು. "ನಡಿಯೇ ಮಹಾರಾಣಿ, ನಿನಗೋಸ್ಕರಾನೇ ಮಾಡಿರೋದು" ಎಂದು ಹಿಂದಿನಿಂದ ದಬ್ಬಬೇಕಾಯಿತು. ಒಳಗೆ ಸೇರಿದ ಮೇಲೆ ಗೇಟಿಗೆ ಹಗ್ಗ ಬಿಗಿದು, ಅವುಗಳ ನಡುವೆಯೇ ನಿಂತಳು. ಬೇಲಿಯ ತಂತಿಯಲ್ಲಿ ಕರೆಂಟಿಲ್ಲ ಎನ್ನುವುದು ಅವಳಿಗೆ ಗೊತ್ತಿತ್ತು. ಹಸುಗಳಿಗೆ ಗೊತ್ತಿಲ್ಲವಲ್ಲ ಎಂದು ಸಮಾಧಾನ ಮಾಡಿಕೊಂಡಳು.

ಮಧ್ಯಾಹ್ನ ಕಳೆದು ಬಹಳ ಹೊತ್ತಾದ ಮೇಲೆ ಗುಡ್ಡದ ನೆತ್ತಿಯ ಮೇಲೆ ಬೆಂಕಿ ಕಾಣಿಸಿತು. ಅದು ಬರುವ ಮೊದಲೇ ಕೆಂಡ ಬಂತು. ಗಾಳಿ ಬೊಗಸೆ ಬೊಗಸೆಯಾಗಿ ತಂದು ಸುರಿಯಿತು. ಕೊಟ್ಟಿಗೆಯ ಹತ್ತಿರ ತಮ್ಮ ಓಡಾಡುವುದು ಹೊಗೆಯಲ್ಲಿ ಮಸುಕಾಗಿ ಕಾಣುತ್ತಿತ್ತು. ಅವನು ಎಂಜಿನ್ ಚಾಲೂ ಮಾಡಿದ. ಚಾವಣಿಯ ಮೇಲೆ ನೀರು ಚಿಮ್ಮಿತು. "ಭೇಷ್ ಕಣೋ!" ಎಂದು ಅವಳು ನಿಂತಲ್ಲೇ ಕೂಗಿದಳು.

ಅಷ್ಟರಲ್ಲಿ ಮುಂಗೋಪಿ ಕಿವಿ ನೆಟ್ಟಗೆ ಮಾಡಿ ತಿರುಗಿತು. ಅದರ ಹಿಂದೆ ಇನ್ನೊಂದು, ಮತ್ತೊಂದು. ಏಳು ವರ್ಷದಿಂದ, ಬೆಳಿಗ್ಗೆ ಐದಕ್ಕೆ, ಸಂಜೆ ನಾಲ್ಕಕ್ಕೆ, ಆ ಎಂಜಿನ್ ಕೂಗಿದರೆ ಸಾಕು, ಯಾವ ಮೂಲೆಯಲ್ಲಿದ್ದರೂ ಹಸುಗಳು ತಾವಾಗಿಯೇ ಕೊಟ್ಟಿಗೆಗೆ ಬರುತ್ತಿದ್ದವು. ಎಂಜಿನ್ ಎಂದರೆ ಹಿಂಡಿ, ಎಂಜಿನ್ ಎಂದರೆ ಕೆಚ್ಚಲು ಹಗುರಾಗುವುದು. ಹಾಗೆ ಕಲಿಸಿದವಳು ಅವಳೇ. ಕಲಿಸಿದ್ದಕ್ಕೆ ಊರವರಿಂದೆಲ್ಲ ಹೊಗಳಿಸಿಕೊಂಡವಳೂ ಅವಳೇ.

"ಅಯ್ಯೋ, ಬೇಡ, ಬೇಡ್ರೇ!" ಅವಳು ಕೈ ಅಡ್ಡ ಹಿಡಿದು ಗೇಟಿಗೆ ಬೆನ್ನು ಕೊಟ್ಟಳು. ಇಪ್ಪತ್ತೆರಡು ಹಸುಗಳ ಭಾರಕ್ಕೆ ಹಗ್ಗ ಎಷ್ಟು ಹೊತ್ತು ತಡೆದೀತು? ಗೇಟು ಅವಳನ್ನೂ ಕೆಡವಿಕೊಂಡೇ ಬಿತ್ತು. ಎದ್ದು ನೋಡುವಷ್ಟರಲ್ಲಿ ಅವು ದಿನವೂ ಹೋಗುವ ಹಾಗೆ ಸಾಲಾಗಿ, ಆದರೆ ಓಡುತ್ತಾ, ಮೇಲೇರುತ್ತಿದ್ದವು.

ಕೊಟ್ಟಿಗೆಯ ಬಾಗಿಲು ತೆರೆದಿತ್ತು. ಎಲ್ಲೋ ಒಂದು ಸಂದಿನಿಂದ ಕೆಂಡ ನುಗ್ಗಿ ಅಟ್ಟದ ಹುಲ್ಲಿಗೆ ತಗುಲಿತ್ತು. ತಮ್ಮ ಅಟ್ಟ ಹತ್ತಿ, ಹೊತ್ತಿದ ಹುಲ್ಲನ್ನು ಕವೆಗೋಲಿನಿಂದ ಎಳೆದೆಳೆದು ಹೊರಗೆ ಎಸೆಯುತ್ತಿದ್ದ. "ಎಂಜಿನ್ ನಿಲ್ಸೋ! ನಿಲ್ಸೋ!" ಎಂದು ಅವಳು ಓಡುತ್ತಲೇ ಅರಚಿಕೊಂಡಳು. ಆ ಸದ್ದಿನಲ್ಲಿ ಅವನಿಗೆ ಏನೂ ಕೇಳಿಸಲಿಲ್ಲ. ಅವಳು ಇಳಿಮಾಡಿಗೆ ಸುತ್ತಿಕೊಂಡು ಹೋಗಿ, ಬಿಸಿ ಕಬ್ಬಿಣಕ್ಕೆ ಅಂಗೈ ಸುಡುತ್ತಿದ್ದರೂ ಬಿಡದೆ, ಎಂಜಿನ್ ನಿಲ್ಲಿಸಿದಳು.

ಸದ್ದು ನಿಂತಿತು. ನೀರೂ ನಿಂತಿತು. ದಾರಿಯ ಮಧ್ಯದಲ್ಲಿದ್ದ ಏಳು ಹಸುಗಳು ನಿಂತು, ಗೊಂದಲಕ್ಕೆ ಬಿದ್ದು, ಆ ಕಡೆ ಈ ಕಡೆ ನೋಡಿದವು. ಹದಿನೈದು ಆಗಲೇ ಒಳಗಿದ್ದವು.

ಒಳಗೆ ಅವು ತಂತಮ್ಮ ಜಾಗದಲ್ಲೇ ನಿಂತಿದ್ದವು. ಹೊಗೆಯಲ್ಲಿ ಕೆಮ್ಮುತ್ತಾ, ಖಾಲಿ ಗೋದಲಿಗೆ ಮೂತಿಯಿಟ್ಟು ಹಿಂಡಿಗೆ ಕಾಯುತ್ತಿದ್ದವು. ಅಕ್ಕ ಮುಂಗೋಪಿಯ ಕೊಂಬು ಹಿಡಿದು ಎಳೆದಳು, ಗುದ್ದಿದಳು, ಬೈದಳು, ಕೈ ಮುಗಿದಳು. ಅದು ಕದಲಲಿಲ್ಲ. ಇಷ್ಟು ವರ್ಷ ಹೇಳಿದ ಮಾತು ಕೇಳಿದ್ದಕ್ಕೆ ಈಗ ಹೊಡೆತ ಯಾಕೆ ಎಂದು ಅದಕ್ಕೆ ತಿಳಿಯುವುದಾದರೂ ಹೇಗೆ? ಅಟ್ಟ ಮುರಿದು ಬೀಳುವ ಮುಂಚೆ ತಮ್ಮ ಅವಳನ್ನು ಸೊಂಟ ಹಿಡಿದು ಹೊರಗೆ ಎಳೆದುಕೊಂಡು ಬಂದ. ಬಂದವಳು ಕಿವಿ ಮುಚ್ಚಿಕೊಂಡು ಕೂತಳು. ಒಳಗಿನ ಕೂಗು ನಿಲ್ಲಲು ಬಹಳ ಹೊತ್ತು ಹಿಡಿಯಿತು.

ಬೆಂಕಿ ದಾಟಿಹೋದಾಗ ಇನ್ನೂ ಬೆಳಕಿತ್ತು. ಏಳು ಹಸುಗಳನ್ನು ಕಪ್ಪು ಹೊಲಕ್ಕೆ ಹಿಂದಿರುಗಿಸಿ ಇಬ್ಬರೂ ಅಲ್ಲಿಯೇ ಕುಸಿದು ಕೂತಿದ್ದರು.

"ನೀರು ಯಾಕೆ ನಿಲ್ಸಿದೆ?" ತಮ್ಮ ಕೇಳಿದ. ಹುಬ್ಬು ಸುಟ್ಟು ಅವನ ಮುಖ ಯಾರದೋ ಮುಖದಂತಿತ್ತು. "ಇನ್ನೈದು ನಿಮಿಷ ಇದ್ದಿದ್ರೆ ಅಟ್ಟದ್ ಬೆಂಕಿ ಆರಿಸ್ತಿದ್ದೆ. ಎಲ್ಲಾ ಉಳೀತಿತ್ತು."

"ಉಳೀತಿತ್ತೋ ಏನೋ."

"ಉಳೀತಿತ್ತು ಅಕ್ಕ."

ಏಳರಲ್ಲಿ ಒಂದು ಹಸು ಕಾಲು ಅಗಲಿಸಿ ನಿಂತು ನರಳುತ್ತಿತ್ತು. ಕೆಚ್ಚಲು ಬಿಗಿದು ಕಲ್ಲಾಗಿತ್ತು. ಅವಳು ಸುಟ್ಟ ಕೈಗೆ ಸೆರಗಿನ ಚೂರು ಸುತ್ತಿಕೊಂಡು ಅದರ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತಳು. ಪಾತ್ರೆಯೊಂದೂ ಉಳಿದಿರಲಿಲ್ಲ. ಹಾಲು ನೇರ ಬೂದಿಗೆ ಬಿತ್ತು.

ತಮ್ಮ ಎದ್ದು ಬಂದು, ಇನ್ನೊಂದು ಹಸುವಿನ ಬದಿಗೆ ಮಂಡಿಯೂರಿದ. ಯಂತ್ರ ಬಂದ ಮೇಲೆ ದೊಡ್ಡವನಾದವನು ಅವನು, ಕೈಯಲ್ಲಿ ಕರೆದು ಗೊತ್ತಿರಲಿಲ್ಲ. ಹಸು ಕಾಲು ಝಾಡಿಸಿತು.

"ಹೆಬ್ಬೆರಳು ಮಡಚಬೇಡ," ಎಂದಳು ಅಕ್ಕ, ಅವನ ಕಡೆ ನೋಡದೆ. "ಅದಕ್ಕೆ ನೋಯತ್ತೆ."