ಗುಮ್ಮ ಓಡಿಸುವ ಕಾರು

ಎಷ್ಟು ಉಜ್ಜಿದರೂ ಹೆಬ್ಬೆರಳ ಉಗುರಿನ ಸಂದಿಯ ಹಸಿರು ಹೋಗಲಿಲ್ಲ. ಅವಳು ಬಟ್ಟೆಯ ತುದಿಯನ್ನು ಮತ್ತೆ ಬಿಸಿನೀರಿಗೆ ಅದ್ದಿ, ಗಂಡನ ಕೈಯನ್ನು ತೊಡೆಯ ಮೇಲೆ ಎಳೆದುಕೊಂಡು, ಇನ್ನೊಮ್ಮೆ ಉಜ್ಜತೊಡಗಿದಳು. ಆ ಕೈ ಈಗ ಯಾರ ಮಾತನ್ನೂ ಕೇಳದಷ್ಟು ಬಿಗಿದುಕೊಂಡಿತ್ತು.

"ಸಾಕು ಬಿಡಿ ಅತ್ತಿಗೆ," ಎಂದಳು ಬಾಗಿಲಲ್ಲಿ ನಿಂತಿದ್ದ ನಾದಿನಿ. "ಗಾಡಿ ಬರೋ ಹೊತ್ತಾಯ್ತು."

"ಬಣ್ಣ ಮೆತ್ಕೊಂಡೇ ಹೋಗ್ತಾರಾ?"

"ಬದುಕಿದ್ದಾಗ ಅಣ್ಣ ಯಾವತ್ತು ಸರಿಯಾಗಿ ಕೈ ತೊಳ್ಕೊಂಡಿದ್ದ?"

ಅದು ತಮಾಷೆಯೋ ಕೊಂಕೋ ಗೊತ್ತಾಗಲಿಲ್ಲ. ನಾದಿನಿಯ ಮಾತಿನಲ್ಲಿ ಮೊದಲಿನಿಂದಲೂ ಎರಡೂ ಬೆರೆತೇ ಇರುತ್ತಿದ್ದವು.

ಹಿಂದಿನ ದಿನ ಮಧ್ಯಾಹ್ನ ಅವನು ಕಿಟಕಿಯ ಪಕ್ಕದ ಮೇಜಿಗೆ ಕೂತು ಚಿತ್ರದಲ್ಲಿ ಕಾರು ಓಡಿಸುತ್ತಿದ್ದ ಒಂದು ಹಸಿರು ಗುಮ್ಮನಿಗೆ ಕಿವಿ ಬರೆಯುತ್ತಿದ್ದ. ಚಹಾ ಬೇಕಾ ಎಂದು ಅವಳು ಅಡುಗೆಮನೆಯಿಂದಲೇ ಕೇಳಿದ್ದಕ್ಕೆ ಹೂಂ ಎಂದಿದ್ದ. ಅವಳು ಚಹಾ ತರುವಷ್ಟರಲ್ಲಿ ತಲೆ ಮೇಜಿನ ಮೇಲಿತ್ತು. ನೀರಿನ ಲೋಟ ಉರುಳಿ, ಗುಮ್ಮನ ಒಂದು ಕಿವಿ ಕರಗಿ ಕಾರಿನ ಬಾನೆಟ್ ಮೇಲೆಲ್ಲ ಹರಿದಿತ್ತು.

ಗೋಡೆಯ ತುಂಬ ಅವೇ. ಪುಟ್ಟ ನೀಲಿ ಕಾರಿನಲ್ಲಿ ಮೊಣಕಾಲು ಕಿವಿಗೆ ತಾಗುವಂತೆ ಮುದುರಿ ಕೂತ ಗುಮ್ಮ. ಮೂರು ಕೊಂಬಿಗೆ ಮೂರು ಟೋಪಿ ಏರಿಸಿಕೊಂಡು ಗಾಳಿ ಸೇವನೆಗೆ ಹೊರಟ ಗುಮ್ಮ. ಬಾಲವನ್ನು ಕಿಟಕಿಯಾಚೆ ಚಾಚಿ ತಿರುವಿಗೆ ಸಿಗ್ನಲ್ ಕೊಡುತ್ತಿರುವ ಗುಮ್ಮ. ಎಲ್ಲವುಗಳ ಕೈಯಲ್ಲೂ ಸ್ಟಿಯರಿಂಗ್, ಎಲ್ಲವುಗಳ ಬಾಯೂ ಕಿವಿಯವರೆಗೆ. ಬರುವವರು ಏನಂದುಕೊಂಡಾರು, ಇವನ್ನೆಲ್ಲ ಇಳಿಸಿಡೋಣವೇ ಎಂದು ನಾದಿನಿ ಕೇಳಿದಳು.

"ಇರಲಿ," ಎಂದಳು ಅವಳು. ಅವನ್ನು ಇಳಿಸುವ ಹಕ್ಕು ತನಗಿದೆ ಎಂದು ಅವಳಿಗೆ ಯಾವತ್ತೂ ಅನಿಸಿರಲಿಲ್ಲ.

*

ಒಂದು ಕಾಲಕ್ಕೆ ಆ ಮನೆಯಲ್ಲಿ ನಿಜವಾದ ಕಾರೂ ಇತ್ತು. ಹಳೆಯದು, ಒಂದು ಬಾಗಿಲು ಒಳಗಿನಿಂದ ಮಾತ್ರ ತೆರೆಯುತ್ತಿತ್ತು. ಅವನು ಓಡಿಸಲು ಕಲಿಯಲೇ ಇಲ್ಲ. ಯಂತ್ರದ ಕಾರ್ಖಾನೆಯಲ್ಲಿ ಹಗಲಿಡೀ ಹಲ್ಲುಚಕ್ರಗಳ ನಕ್ಷೆ ಬರೆಯುವವನಿಗೆ ರಸ್ತೆಯೆಂದರೆ ಜೀವ ಬಾಯಿಗೆ ಬರುತ್ತಿತ್ತು. ನೀನು ಓಡಿಸು, ನಾನು ಹೊರಗೆ ನೋಡ್ತಾ ಕೂತಿರ್ತೀನಿ ಎನ್ನುತ್ತಿದ್ದ. ಅವಳಿಗೂ ಅದೇ ಬೇಕಿತ್ತು. ಕಿಟಕಿಯ ಗಾಜು ಪೂರ್ತಿ ಇಳಿಸಿ, ಬಾಯಿಗೆ ಬಂದ ಹಾಡು ಹಾಡುತ್ತ ಹೊರಟಳೆಂದರೆ ಊರೇ ಅವಳದು. ಹಿಂದಿನ ಸೀಟಿನಿಂದ ಮಗಳು, ಇನ್ನೂ ಜೋರಾಗಿ ಅಮ್ಮಾ, ಎಂದು ಕುಣಿಯುತ್ತಿದ್ದಳು.

ಒಂದು ಬೆಳಿಗ್ಗೆ ಶಾಲೆಯ ದಾರಿಯಲ್ಲಿ, ಗೋದಾಮಿನ ಗೇಟಿನಿಂದ ಲಾರಿಯೊಂದು ಹಿಮ್ಮುಖವಾಗಿ ನುಗ್ಗಿತು. ಅವಳ ಮೈಮೇಲೆ ಒಂದು ಗೀರೂ ಆಗಲಿಲ್ಲ. ಮಗಳು ಉಳಿಯಲಿಲ್ಲ.

ತಪ್ಪು ಲಾರಿಯವನದೇ ಎಂದು ನೋಡಿದವರೆಲ್ಲ ಹೇಳಿದರು. ನಾದಿನಿ ಮಾತ್ರ ಒಂದು ಸಲ, ಒಂದೇ ಸಲ ಕೇಳಿದ್ದಳು: "ನೀವು ಯಾವ ಕಡೆ ನೋಡ್ತಿದ್ರಿ ಅತ್ತಿಗೆ?"

ಗಂಡ ಏನೂ ಕೇಳಲಿಲ್ಲ. ಕಾರನ್ನು ಗುಜರಿಗೆ ಹಾಕಿ ಬಂದ. ಕೆಲವು ತಿಂಗಳು ಕಳೆದ ಮೇಲೆ ಮಗಳ ಬಣ್ಣದ ಡಬ್ಬಿ ತೆಗೆದು ಮೊದಲ ಚಿತ್ರ ಬರೆದ. ಒಂದು ಕಾರು, ಸ್ಟಿಯರಿಂಗ್ ಹಿಡಿದ ಒಂದು ಗುಮ್ಮ, ಬಾಯಿ ತುಂಬ ಹಲ್ಲು. ಹಿಂದಿನ ಸೀಟು ಖಾಲಿ.

ಅವಳು ಅವನ ಬೆನ್ನ ಹಿಂದೆ ನಿಂತು ನೋಡಿದಳು. ಇದು ಯಾರು ಎಂದು ಕೇಳಲಿಲ್ಲ. ಕೇಳಿದರೆ ಉತ್ತರ ಬಂದುಬಿಡುತ್ತದಲ್ಲ.

ಮುಂದೆ ಕಾರ್ಖಾನೆ ಮುಚ್ಚಿ, ಗುಮ್ಮಗಳೇ ಮನೆಯ ಒಲೆ ಹೊತ್ತಿಸುವಂತಾಯಿತು. ಗಿರಾಕಿ ಬಂದರೆ ಅವನು ಉಗುಳು ನುಂಗುತ್ತ ನಿಲ್ಲುತ್ತಿದ್ದ. ಹಾಗಾಗಿ ವಾರದ ಸಂತೆಯಲ್ಲಿ ಚಿತ್ರಗಳನ್ನು ಹರಡುವುದು, ಕೂಗಿ ಕರೆಯುವುದು, ಚೌಕಾಸಿ ಮಾಡುವುದು ಎಲ್ಲ ಅವಳ ಪಾಲಿಗೆ ಬಂತು. ಇದು ಯಾವ ಪ್ರಾಣಿ ಎಂದು ಯಾರಾದರೂ ಕೇಳಿದರೆ, ನಿಮ್ಮನೇಲಿ ಯಾರಿಗೆ ಹೋಲತ್ತೋ ಅದೇ ಎನ್ನುತ್ತಿದ್ದಳು. ಜನ ನಕ್ಕು ಕೊಳ್ಳುತ್ತಿದ್ದರು. ತನ್ನನ್ನೇ ಹಾಳೆಹಾಳೆಯಾಗಿ ಮಾರುತ್ತಿದ್ದೇನೆ, ಇದು ತನಗೆ ತಕ್ಕ ಕೆಲಸವೇ, ಎಂದು ಅವಳು ಒಳಗೊಳಗೇ ಅಂದುಕೊಳ್ಳುತ್ತಿದ್ದಳು.

*

ಸ್ಮಶಾನಕ್ಕೆ ನೆಂಟರಿಗಿಂತ ಸಂತೆಯವರೇ ಹೆಚ್ಚು ಬಂದಿದ್ದರು. ಅವರಿಗೆಲ್ಲ ಅವನು ಗುಮ್ಮಣ್ಣ. ಕೊಡೆ ರಿಪೇರಿಯವನು ಅಂಗಡಿ ಮುಚ್ಚಿ ಬಂದಿದ್ದ. ಹಳೇ ಪುಸ್ತಕ ಮಾರುವವಳು ಕುಂಟುತ್ತಲೇ ಬಂದಿದ್ದಳು. ಹಿಂದೊಮ್ಮೆ ಯಾರೋ ಮೂರು ಕಣ್ಣಿನ ಗುಮ್ಮನನ್ನು ಕೊಂಡು, ಇದು ಥೇಟ್ ನಮ್ಮತ್ತೆ, ದಪ್ಪ ಕಾಗದದಲ್ಲಿ ಸುತ್ತಿಕೊಡಿ ಎಂದು ಗೋಗರೆದದ್ದನ್ನು ಕೊಡೆಯವನು ನೆನೆಸಿದ. ಮರುವಾರ ಆ ಅತ್ತೆಯೇ ಬಂದು, ಅಳಿಯನ ಹಾಗಿರೋದು ಒಂದು ಕೊಡಿ ಎಂದು ಕೇಳಿದ್ದಳಂತೆ. ನಾಲ್ಕು ಜನ ನಕ್ಕರು, ಆಮೇಲೆ ಎಲ್ಲಿದ್ದೇವೆಂದು ನೆನಪಾಗಿ ತಲೆ ತಗ್ಗಿಸಿದರು.

ಚಿತಾಗಾರದ ಕಬ್ಬಿಣದ ಬಾಗಿಲು ಮುಚ್ಚಿಕೊಂಡಿತು. ಇನ್ನು ಕಾಯುವುದೊಂದೇ ಕೆಲಸ. ಅವಳು ಹೊರಗಿನ ಕಲ್ಲುಬೆಂಚಿನ ಮೇಲೆ ಕೂತಳು. ಚಿತ್ರಗಳಿಗೆ ಕಟ್ಟು ಹಾಕಿಕೊಡುತ್ತಿದ್ದ ಫ್ರೇಮಿನಂಗಡಿಯವನು ಬಂದು ಬೆಂಚಿನ ಇನ್ನೊಂದು ತುದಿಯಲ್ಲಿ ಕೂತ. ಗಂಡ ಬಾಯಿಬಿಟ್ಟು ಮಾತಾಡುತ್ತಿದ್ದುದು ಈ ಒಬ್ಬನ ಹತ್ತಿರ ಎಂದು ಅವಳಿಗೆ ಗೊತ್ತಿತ್ತು. ಇಷ್ಟು ವರ್ಷ ಗಂಟಲಲ್ಲಿ ಸಿಕ್ಕಿಕೊಂಡಿದ್ದನ್ನು ಇನ್ನು ಯಾರ ಹತ್ತಿರ ಕೇಳುವುದು?

"ಆ ಗುಮ್ಮ ಯಾರು ಅಂತ ಯಾವತ್ತಾದ್ರೂ ನಿಮ್ಮ ಹತ್ರ ಹೇಳಿದ್ರಾ?"

ಅವನು ತನ್ನ ಚಪ್ಪಲಿ ನೋಡಿಕೊಂಡ. "ನಿಮಗೆ ಗೊತ್ತಿಲ್ವಾ ಅಕ್ಕಾ?"

"ನೀವು ಹೇಳಿ."

"ನೀವೇ ಅಂತ ಹೇಳಿದ್ರು."

ಅವಳು ತಲೆಯಾಡಿಸಿದಳು. ಗೊತ್ತಿದ್ದದ್ದೇ. ಆದರೂ ಇನ್ನೊಬ್ಬರ ಬಾಯಿಂದ ಕೇಳಿದಾಗ ಕೂತ ಬೆಂಚೇ ಒಂದು ಕಡೆ ವಾಲಿದಂತಾಯಿತು.

ಅವಳ ಮುಖ ನೋಡಿ ಅವನಿಗೆ ಗಾಬರಿಯಾಗಿರಬೇಕು, ಗಡಿಬಿಡಿಯಿಂದ ಮಾತು ಮುಂದುವರಿಸಿದ. ತಾನೇ ಒಮ್ಮೆ ತಮಾಷೆಗೆ, ಅಷ್ಟು ಒಳ್ಳೆಯ ಅಕ್ಕನನ್ನು ಗುಮ್ಮ ಮಾಡೋದಾ ಎಂದು ಕೇಳಿದ್ದನಂತೆ.

"ಕಾರು ಓಡಿಸುವಾಗ ಅವಳು ಹೇಗೆ ನಗ್ತಿದ್ಲು ಗೊತ್ತೇನಯ್ಯಾ, ಅಂದ್ರು. ಆ ನಗುನ ಅವಳ ಮುಖದ ಮೇಲೇ ಬರೆಯೋಕೆ ಹೋದ್ರೆ ನನಗೆ ಕೈ ಓಡಲ್ಲ. ಗುಮ್ಮನ ಮುಖ ಆದ್ರೆ ಬರುತ್ತೆ. ಅವಳಂತೂ ಇನ್ನು ಸ್ಟಿಯರಿಂಗ್ ಮುಟ್ಟಲ್ಲ, ಇಲ್ಲಾದ್ರೂ ಓಡಿಸ್ಕೊಂಡಿರ್ಲಿ, ಅಂದ್ರು."

ಅವಳಿಗೆ ಹುಣಸೆಬೀಜದಷ್ಟು ಸಮಾಧಾನವಾದರೂ ಬರಬೇಕಿತ್ತು. ಬಂದದ್ದು ಸಿಟ್ಟು.

"ನಿಮಗೆ ಹೇಳಿದ್ರು. ನನಗೆ ಹೇಳೋಕೆ ಬಾಯಿ ಬರಲಿಲ್ಲ."

"ನೀವು ಕೇಳ್ತೀರಿ ಅಂತ ಕಾಯ್ತಿದ್ರು ಅಕ್ಕಾ," ಎಂದ ಅವನು ಮೆಲ್ಲಗೆ. "ಅವಳಾಗಿ ಕೇಳ್ಲಿ, ನಾನಾಗಿ ಆ ಗಾಯ ಕೆದಕಲ್ಲ, ಅಂತಿದ್ರು."

ಎದ್ದು ಹೋಗಿ ಆ ಕಬ್ಬಿಣದ ಬಾಗಿಲನ್ನು ದಬದಬ ಬಡಿಯಬೇಕೆನಿಸಿತು. ರೀ, ಇಲ್ಲಿ ನೋಡಿ, ಕೇಳ್ತಿದ್ದೀನಿ, ಎನ್ನಬೇಕೆನಿಸಿತು. ಸೆರಗಿನಿಂದ ಬಾಯಿ ಒತ್ತಿಕೊಂಡು ಕೂತಲ್ಲೇ ಕೂತಳು. ಅಳು ಎಂಬುದು ಆ ದಿನ ಮೊದಲ ಸಲ ಬಂತು, ಬಂದದ್ದು ನಿಲ್ಲಲಿಲ್ಲ. ನಾದಿನಿ ದೂರದಿಂದ ನೋಡಿದಳು, ಹತ್ತಿರ ಬಂದಳು, ಅವಳ ಬೆನ್ನ ಮೇಲೆ ಕೈಯಿಟ್ಟು ನಿಂತಳು.

ಎಲ್ಲ ಮುಗಿದಾಗ ನೆಂಟರ ಕಾರುಗಳು ತುಂಬಿದ್ದವು. ಫ್ರೇಮಿನವನು ತನ್ನ ಪುಟ್ಟ ವ್ಯಾನು ತಂದು ನಿಲ್ಲಿಸಿದ. ಹಿಂದೆಲ್ಲ ಮರದ ಪಟ್ಟಿ, ಗಾಜಿನ ಹಾಳೆ. ಇದ್ದದ್ದು ಮುಂದಿನ ಸೀಟೊಂದೇ. ಯಾವ ಗಾಡಿಯಲ್ಲೂ ಹಿಂದೆ ಕೂತು ಕಣ್ಣು ಮುಚ್ಚಿಕೊಳ್ಳುವುದು ಅವಳ ರೂಢಿ. ಇವತ್ತು ಬಾಗಿಲು ಹಿಡಿದು ಒಂದು ಗಳಿಗೆ ನಿಂತಳು, ಆಮೇಲೆ ಹತ್ತಿ ಕೂತಳು.

ಶಾಲೆ ಬಿಡುವ ಹೊತ್ತು. ತಿರುವು ದಾಟುತ್ತಿದ್ದಂತೆ ಚೀಲ ಹೊತ್ತ ಮಕ್ಕಳ ಗುಂಪೊಂದು ರಸ್ತೆಗೆ ಇಳಿಯಿತು. ಅವನು ಬ್ರೇಕ್ ಒತ್ತುವುದಕ್ಕೂ ಮೊದಲೇ ಅವಳ ಬಲಗಾಲು ಎದುರಿನ ಬರಿಯ ತಗಡನ್ನು ಒತ್ತಿ ಹಿಡಿದಿತ್ತು. ಕೊನೆಯ ಹುಡುಗಿ ಆಚೆ ದಡ ಸೇರಿ, ವ್ಯಾನು ಮತ್ತೆ ಹೊರಟ ಮೇಲೂ ಅವಳು ಕಾಲು ತೆಗೆಯಲಿಲ್ಲ.